ಪೊದೆಯ ಮೇಲೆ ಬಿಟ್ಟ ಡಬ್ಬ

ತೊಟ್ಟಿಯಲ್ಲಿ ಸತ್ತ ಮೀನುಮರಿಗಳನ್ನು ಸಣ್ಣ ಬಲೆಯಿಂದ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದೆ. ಏಪ್ರಿಲ್ ತಿಂಗಳಲ್ಲಿ ಹಿನ್ನೀರಿನ ದಡದ ನನ್ನ ಗಾಳದ ಅಂಗಡಿಯಲ್ಲಿ ದಿನದ ಮೊದಲ ಕೆಲಸ ಅದೇ. ಗಾಳಕ್ಕೆ ಚುಚ್ಚಲೆಂದು ಲಾರಿಯಲ್ಲಿ ತರಿಸಿದ ಮರಿಗಳಲ್ಲಿ ಒಂದಷ್ಟಕ್ಕೆ ಹೊಸ ನೀರು ಒಗ್ಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತವೆ. ತೆಗೆಯದೆ ಬಿಟ್ಟರೆ ಉಳಿದವನ್ನೂ ಕೆಡಿಸುತ್ತವೆ. ಇಮೋಜೀನ್ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದಳು. ಅವಳಿಗೆ ಎಂಬತ್ತೆರಡು, ನನಗೆ ಎಪ್ಪತ್ತೊಂಬತ್ತು. ಮಂಡಿ ಎರಡೂ ಕೈಕೊಟ್ಟ ಮೇಲೆ ಅವಳು ದೋಣಿ ಹತ್ತುವುದನ್ನು ಬಿಟ್ಟಳೇ ಹೊರತು ಅಂಗಡಿಗೆ ಬರುವುದನ್ನು ಬಿಡಲಿಲ್ಲ.

"ನಿನ್ನೆ ಇಲಿನಾಯ್ ರಾಜ್ಯದಿಂದ ಫೋನ್ ಬಂದಿತ್ತು ಕಣೆ ಜೆಲ್ಮಾ," ಎಂದಳು. "ನಮ್ಮ ಹಾರ್ಲನ್‌ನ ಸೇರಿಸಿದೀವಲ್ಲ, ಆ ಮುದುಕರ ಮನೆಯಿಂದ. ನರ್ಸಮ್ಮ ಮಾಡಿದ್ಲು."

"ಹೇಗಿದ್ದಾನಂತೆ?"

"ಹೇಗಿರ್ತಾನೆ? ಮಧ್ಯಾಹ್ನ ಉಂಡಿದ್ದು ಸಾಯಂಕಾಲಕ್ಕೆ ನೆನಪಿರಲ್ಲ. ನಿಮ್ಮಕ್ಕ ಇಮೋಜೀನ್ ಅಂದ್ರೆ, ಯಾವ ಇಮೋಜೀನ್ ಅಂತಾನಂತೆ. ಆದ್ರೆ ಹಳೇದು ಒಂದಿದೆ ನೋಡು, ಅದು ಮಾತ್ರ ಕಲ್ಲಲ್ಲಿ ಕೆತ್ತಿದಂಗೆ ಇದೆ. ತಟ್ಟೆ ತಗೊಂಡು ಹೋದೋರ್ಗೆಲ್ಲ, 'ಆ ಡಬ್ಬ ಬಿಟ್ಟೋನು ನಾನಲ್ಲ, ಅಪ್ಪನಿಗೆ ಹೇಳಿ, ನಾನಲ್ಲ' ಅಂತಾನಂತೆ. ಯಾವ ಡಬ್ಬ ಅಮ್ಮ ಅದು ಅಂತ ಪಾಪ ಆ ಹುಡುಗಿ ಕೇಳ್ತಾಳೆ."

ನನ್ನ ಕೈಯ ಬಲೆ ನೀರಿನಲ್ಲೇ ನಿಂತಿತು.

"ನೀನೇನಂದೆ?"

"ಏನನ್ನೋದು? ಹಳೇ ಕತೆ, ಹೂಂ ಹೂಂ ಅಂದ್ಬಿಡಿ ಅಂದೆ. ಐವತ್ತೈದು ವರ್ಷ ಆಯ್ತು. ಅವತ್ತೇ ಒಪ್ಕೊಂಡಿದ್ರೆ ಅಪ್ಪ ನಾಲ್ಕು ಬೈದು ಸುಮ್ನಾಗ್ತಿದ್ದ. ಬುದ್ಧಿ ಹೋದ್ರೂ ಮೊಂಡುತನ ಹೋಗ್ಲಿಲ್ಲ ನೋಡು ಅವನ್ದು."

ಡಬ್ಬ ಬಿಟ್ಟವನು ಹಾರ್ಲನ್ ಅಲ್ಲ. ನಾನು. ಆ ಮಾತನ್ನು ಬರೆದ ಕಾಗದ ಒಳಗಿನ ಮೇಜಿನ ಡ್ರಾಯರಿನಲ್ಲಿ ಮೂವತ್ತಮೂರು ವರ್ಷಗಳಿಂದ ಬಿದ್ದಿದೆ. ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ, ನಲವತ್ತಾರನೆಯ ವಯಸ್ಸಿಗೆ ಓದುಬರಹ ಕಲಿತವಳು ನಾನು. ಯಾರಿಗಾದರೂ ಒಂದು ಕಾಗದ ಬರೆದು ತನ್ನಿ ಎಂದರು ಮೇಡಂ. ಉಳಿದವರು ಮಕ್ಕಳಿಗೆ ಬರೆದರು. ನಾನು ಹಾರ್ಲನ್‌ಗೆ ಬರೆದೆ. ಮೇಡಂ ತಪ್ಪುಗಳನ್ನು ತಿದ್ದಿ, ಚೆನ್ನಾಗಿದೆ, ಅಂಚೆಗೆ ಹಾಕಿ ಎಂದರು. ನಾಳೆ ಹಾಕೋಣವೆಂದು ಮನೆಗೆ ತಂದೆ.

ಹಾರ್ಲನ್‌ನ ನೆನಪಿನಲ್ಲಿ ಉಳಿದಿರುವುದು ಅದೊಂದೇ ಎಂದ ಮೇಲೆ, ಅದೂ ಹೋಗುವ ಮೊದಲು ಅವನಿಗೆ ಉತ್ತರ ಸಿಗಬೇಕಿತ್ತು. ಬಲೆ ಜಾಡಿಸಿ ಗೋಡೆಗೆ ಸಿಕ್ಕಿಸಿದೆ. ಇಮೋಜೀನಳ ಕಡೆ ತಿರುಗಿದೆ. ಬಾಯಿಗೆ ಬಂದದ್ದು ಮಾತ್ರ ಬೇರೆ. "ಇನ್ನೊಂದು ಲೋಟ ಕಾಫಿ ಹಾಕಲಾ?" ಎಂದೆ.

ನಾನು ಈ ನೀರಿನ ಮಗಳಲ್ಲ, ಸೊಸೆ. ಹತ್ತಿಹೊಲದ ಸೀಮೆಯಿಂದ ಮದುವೆಯಾಗಿ ಬಂದಾಗ ನನಗೆ ಗಾಳದ ಕೋಲು ಯಾವ ಕಡೆಯಿಂದ ಹಿಡಿಯಬೇಕೆಂದೂ ತಿಳಿದಿರಲಿಲ್ಲ. ಕಲಿಸಿದವನು ಪಕ್ಕದ ಮನೆಯ ಟಾಲಿವರ್. ಇಮೋಜೀನ್, ಹಾರ್ಲನ್‌ರ ಅಪ್ಪ. ಊರೂರಿನಿಂದ ಬರುವವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಕ್ರಾಪಿ ಮೀನು ತೋರಿಸುವುದೇ ಅವನ ಕಸುಬು. ನನ್ನ ಗಂಡ ಕಾರ್ಖಾನೆಗೆ ಹೋದ ಹಗಲುಗಳಲ್ಲಿ ಅವನು ಬಂದು, "ಏಳು ಮಗಾ, ಗೋಡೆ ನೋಡ್ಕೊಂಡು ಕೂತ್ರೆ ಗೋಡೆ ಮೀನು ಕೊಡುತ್ತಾ?" ಎಂದು ಕರೆದುಕೊಂಡು ಹೋಗುತ್ತಿದ್ದ. ಬಿದಿರಿನ ಕೋಲು ಎರಡು, ಉಪ್ಪು ಬಿಸ್ಕತ್ತು, ಒಂದು ಡಬ್ಬಿ ಸಾರ್ಡೀನು. ಅವನ ಮರದ ದೋಣಿಗೆ ಟಾರು ಬಳಿದ ವಾಸನೆ. ಅರ್ಧ ದಿನ ಒಂದೇ ಮಾತಾಡುತ್ತಿರಲಿಲ್ಲ. ಆಡಿದರೆ ಅದು ಮೀನಿನ ಮಾತು.

ಕ್ರಾಪಿ ಬಯಲಿನಲ್ಲಿರುವ ಮೀನಲ್ಲ. ಅದಕ್ಕೆ ಮರೆ ಬೇಕು. ಅದಕ್ಕೇ ನಮ್ಮ ಕಡೆಯವರು ಚಳಿಗಾಲದಲ್ಲಿ ಓಕ್ ಮರದ ಕೊಂಬೆ ಕಡಿದು, ಕಟ್ಟು ಕಟ್ಟಿ, ಸಿಮೆಂಟು ಇಟ್ಟಿಗೆ ಬಿಗಿದು ಹಿನ್ನೀರಿನಲ್ಲಿ ಮುಳುಗಿಸುತ್ತಾರೆ. ಪೊದೆ ಎನ್ನುತ್ತೇವೆ. ಎರಡು ವರ್ಷಕ್ಕೆ ಅದಕ್ಕೆ ಪಾಚಿ ಹಿಡಿದು, ಪಾಚಿಗೆ ಮರಿ ಬಂದು, ಮರಿಗೆ ಕ್ರಾಪಿ ಬರುತ್ತದೆ. ಯಾರ ಪೊದೆ ಎಲ್ಲಿದೆಯೆಂದು ಹೆಂಡತಿಗೂ ಹೇಳದ ಗಂಡಸರಿದ್ದಾರೆ. ನೀರಿನ ಮೇಲೆ ಗುರುತಿಡುವುದಂತೂ ಇಲ್ಲವೇ ಇಲ್ಲ. ಗುರುತೆಲ್ಲ ದಡದಲ್ಲಿ. ಟಾಲಿವರ್‌ನ ಪೊದೆಗೆ ದೋಣಿ ಸರಿಸುತ್ತ ಚರ್ಚಿನ ಗೋಪುರ ಬಂಡೆಯ ಸೀಳಿನ ನಡುವೆ ಕಾಣುವಂತೆ ಮಾಡಬೇಕು. ಅದನ್ನು ತಪ್ಪಿಸದೆ, ಇನ್ನೊಂದು ಕಡೆ ವಾಲಿದ ಸಿಕಮೋರ್ ಮರವನ್ನು ಹಳೆಯ ದೋಣಿಕಟ್ಟೆಯ ಕಂಬಕ್ಕೆ ತಾಗಿಸಬೇಕು. ಎರಡೂ ಕೂಡಿದ ಕಡೆ ಹನ್ನೆರಡು ಅಡಿ ಕೆಳಗೆ ಪೊದೆ.

ಅದು ಬರೀ ಪೊದೆಯಲ್ಲ. ಅಣೆಕಟ್ಟು ಕಟ್ಟಿ ಬಯಲೆಲ್ಲ ಮುಳುಗುವ ಮೊದಲು ಅಲ್ಲಿ ಟಾಲಿವರ್ ಹುಟ್ಟಿದ ಮನೆ ಇತ್ತು. ಮನೆ ಕಿತ್ತರು, ಕಲ್ಲಿನ ಮೆಟ್ಟಿಲು ಹಾಗೇ ಉಳಿಯಿತು. ತನ್ನ ತಾಯಿ ಕೂತು ಬಟಾಣಿ ಸುಲಿಯುತ್ತಿದ್ದ ಮೆಟ್ಟಿಲ ಸುತ್ತ ಅವನು ಕೊಂಬೆ ಇಳಿಸಿದ್ದ. ಆ ಗುರುತನ್ನು ಅವನು ಹೇಳಿಕೊಟ್ಟಿದ್ದು ಮಗ ಹಾರ್ಲನ್‌ಗೆ ಮತ್ತು ನನಗೆ, ಇಬ್ಬರಿಗೇ. "ನಮ್ಮಮ್ಮನ ಮನೆ ಬಾಗ್ಲಲ್ಲಿ ಕೂತಿದೀಯ, ನೆಟ್ಟಗೆ ಕೂತ್ಕೊ," ಎಂದು ನಗುತ್ತಿದ್ದ.

ಅರವತ್ತೊಂಬತ್ತನೆಯ ಇಸವಿಯ ಏಪ್ರಿಲ್‌ನಲ್ಲಿ ಒಂದು ಶುಕ್ರವಾರ ನಾನು ಮೊದಲ ಸಲ ಒಬ್ಬಳೇ ಹೋದೆ. ಮಂಜು ಕವಿದಿತ್ತು. ಗೋಪುರ ಸಿಕ್ಕರೆ ಕಂಬ ಇಲ್ಲ, ಕಂಬ ಸಿಕ್ಕರೆ ಗೋಪುರ ಇಲ್ಲ. ಒಂದು ಗಂಟೆ ತಡಕಾಡಿದ ಮೇಲೆ ಸೀಸದ ಗುಂಡು ಕೊಂಬೆಗೆ ತಾಗಿತು. ಒಂದಾದ ಮೇಲೊಂದು ಅಂಗೈಯಗಲದ ಮೀನು. ಮರಿ ಮುಗಿದವು. ದಡಕ್ಕೆ ಹೋಗಿ ಮರಿ ತರಬೇಕು, ಮತ್ತೆ ಈ ಜಾಗ ಸಿಗದಿದ್ದರೆ? ದೋಣಿಯಲ್ಲಿ ಒಂದು ಖಾಲಿ ಡಬ್ಬವಿತ್ತು, ಬಟ್ಟೆ ಬಿಳುಪು ಮಾಡುವ ನೀರಿನದು. ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ತೇಲಿಸಲೆಂದು ಹಾರ್ಲನ್ ಅಂಥ ಡಬ್ಬಗಳ ಕತ್ತಿಗೆ ಕೆಂಪು ಬಣ್ಣ ಬಳಿದು ಕಟ್ಟೆಯ ಮೇಲೆ ರಾಶಿ ಹಾಕಿದ್ದರಲ್ಲಿ ಒಂದನ್ನು ದೋಣಿಯ ನೀರು ಎತ್ತಿಹಾಕಲು ನಾನೇ ತೆಗೆದುಕೊಂಡಿದ್ದೆ, ಇನ್ನೂ ಕತ್ತರಿಸಿರಲಿಲ್ಲ. ಅದಕ್ಕೆ ಹಗ್ಗ ಕಟ್ಟಿ, ಅರ್ಧ ಇಟ್ಟಿಗೆ ಬಿಗಿದು, ಪೊದೆಯ ಮೇಲೆ ಬಿಟ್ಟೆ. ಅರ್ಧ ಗಂಟೆಯ ಮಟ್ಟಿಗೆ ತಾನೇ ಎಂದುಕೊಂಡೆ.

ದಡ ಸೇರುವ ಹೊತ್ತಿಗೆ ಗಾಳಿ ಎದ್ದಿತು. ದಿನವಿಡೀ ದೋಣಿ ಬಿಡಲಾಗಲಿಲ್ಲ. ಮರುದಿನ ಶನಿವಾರ, ಗಾಳಿ ನಿಂತು ಬಿಸಿಲು ಬಿದ್ದಾಗ ಬಿಳಿ ಡಬ್ಬ ಒಂದು ಮೈಲಿಗೆ ಹೊಳೆಯುತ್ತಿತ್ತು. ಹೊರಗಿನವರು ನೋಡಿದರು. ಮಧ್ಯಾಹ್ನಕ್ಕೆ ನಲವತ್ತು ದೋಣಿ. ಲಂಗರು ಎಳೆದೆಳೆದು ಕೊಂಬೆಗಳನ್ನೆಲ್ಲ ಕಿತ್ತರು. ಟಾಲಿವರ್ ಕಟ್ಟೆಯ ಮೇಲೆ ನಿಂತು ನೋಡಿದ. ಸಂಜೆ ಡಬ್ಬ ತಂದು ಕತ್ತಿನ ಕೆಂಪು ಬಣ್ಣ ತಿರುಗಿಸಿ ಮಗನ ಮುಂದಿಟ್ಟ. ಹಾರ್ಲನ್‌ಗೆ ಇಪ್ಪತ್ತೆರಡು. ಕುಡಿದರೆ ಬಾಯಿ ಸಡಿಲ ಎಂದು ಹೆಸರು ಬಿದ್ದಿತ್ತು. "ನಾನಲ್ಲ," ಎಂದ. ನಾನು ಅಲ್ಲೇ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಮುದುಕನ ಸಿಟ್ಟು ಇಳಿಯಲಿ, ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆಯ ಹೊತ್ತಿಗೆ ಹಾರ್ಲನ್ ಚೀಲ ಕಟ್ಟಿಕೊಂಡು ಇಲಿನಾಯ್‌ಗೆ ಹೋಗಿದ್ದ. ಐದು ವರ್ಷಕ್ಕೆ ಟಾಲಿವರ್ ಸತ್ತ. ಮಣ್ಣಿಗೂ ಮಗ ಬರಲಿಲ್ಲ.

ಹೆಸರಿಗೆ ನಾನು ತಾಳ್ಮೆಯವಳು. ಗಾಳ ಕಲಿಯಬೇಕೆಂದು ಬರುವವರನ್ನೆಲ್ಲ ನನ್ನ ಅಂಗಡಿಗೇ ಕಳಿಸುತ್ತಾರೆ. ಇಮೋಜೀನ್ ಫೋನಿನ ಮಾತು ಹೇಳಿದ ಬೆಳಗ್ಗೆಯೇ ಬರ್ನಡೀನ್ ಎಂಬ ಹೆಂಗಸು ಬಂದಳು. ಮೆಂಫಿಸ್ ನಗರದಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾಗಿ, ಆಚೆ ತಿರುವಿನಲ್ಲಿ ಮನೆ ಮಾಡಿದ್ದಳು. ಎರಡು ಕೈಯಲ್ಲಿ ಹೊರಲಾರದಂಥ ಗಾಳದ ಸಾಮಾನಿನ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲೆ ತೆರೆದಳು.

"ಅಯ್ಯೋ ದೇವ್ರೆ," ಎಂದಳು ಇಮೋಜೀನ್ ಕುರ್ಚಿಯಿಂದಲೇ. "ಮೀನು ಹಿಡಿಯೋಕ್ಕೋ, ಮೀನಿಗೆ ಮದುವೆ ಮಾಡೋಕ್ಕೋ?"

"ನಗಬೇಡಿ ಅಮ್ಮ. ಅಂಗಡಿ ಹುಡುಗ ಎಲ್ಲಾ ಬೇಕು ಅಂದ."

"ಅವನು ಮೀನಿಗೆ ಗಾಳ ಮಾರಲ್ಲ ತಾಯಿ, ನಿನಗೆ ಮಾರ್ತಾನೆ," ಎಂದೆ ನಾನು. ಪೆಟ್ಟಿಗೆಯಿಂದ ತೆಳು ತಂತಿಯ ಗಾಳ, ಎರಡು ಪುಟ್ಟ ಸೀಸದ ಗುಂಡು, ನೀರ ಮೇಲೆ ತೇಲಲು ಹೆಬ್ಬೆರಳಿಗಿಂತ ಸಣ್ಣ ಬೆಂಡು ತೆಗೆದಿಟ್ಟು ಮುಚ್ಚಳ ಹಾಕಿದೆ. "ಇಷ್ಟು ಸಾಕು. ದಪ್ಪ ಗಾಳ ಬೇಡ. ತೆಳುವಾದ್ರೆ ಕೊಂಬೆಗೆ ಸಿಕ್ಕಿದಾಗ ನಿಧಾನಕ್ಕೆ ಎಳೆದ್ರೆ ನೆಟ್ಟಗಾಗಿ ಬಿಟ್ಕೊಳುತ್ತೆ. ಮತ್ತೆ ಬಗ್ಗಿಸ್ಕೊ. ಮರಿಗೆ ತುಟಿಯಲ್ಲಿ ಚುಚ್ಚು, ಬೆನ್ನುಮೂಳೆಗೆ ತಾಗಿಸಬೇಡ. ಸತ್ತ ಮರಿ ಕಡೆ ಕ್ರಾಪಿ ತಿರುಗಿಯೂ ನೋಡಲ್ಲ."

ಮರುದಿನ ಅವಳ ಹೊಸ ದೋಣಿಯಲ್ಲೇ ಹೋದೆವು. ದಡದಲ್ಲಿ ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟಿದ್ದವು. ಆ ಹೂವು ಬಂತೆಂದರೆ ಕ್ರಾಪಿ ದಡದ ಕಡೆ ಸರಿಯಲು ಶುರುವಾಯಿತೆಂದೇ ಟಾಲಿವರ್ ಲೆಕ್ಕ ಹಾಕುತ್ತಿದ್ದ. ನನಗೂ ಅದೇ ಪಂಚಾಂಗ. ನನ್ನ ಗಂಡ ಬದುಕಿದ್ದಾಗ ನಾವಿಬ್ಬರೂ ಇಳಿಸಿದ ಪೊದೆಯೊಂದಕ್ಕೆ ಗುರುತು ಕೂಡಿಸಿ, ಮೇಲೆ ನಿಲ್ಲದೆ ಗಾಳಿ ಬರುವ ಕಡೆ ಸ್ವಲ್ಪ ದೂರ ಲಂಗರು ಇಳಿಸಲು ಹೇಳಿದೆ.

"ಆಳ ಎಷ್ಟು ಬಿಡ್ಲಿ ಮಿಸ್ ಜೆಲ್ಮಾ? ತಳಕ್ಕಾ?"

"ತಳಕ್ಕೆ ಬಿಟ್ರೆ ಆಮೆ ಬರುತ್ತೆ. ಕ್ರಾಪಿ ಕಣ್ಣು ಮೇಲ್ಗಡೆ ನೋಡ್ತವೆ. ಅದರ ತಲೆ ಮೇಲೆ ಒಂದು ಮೊಳ ಬಿಟ್ಟು ನಿಲ್ಲಿಸು. ತನಗಿಂತ ಕೆಳಗಿರೋದನ್ನ ಅದು ಮುಟ್ಟಲ್ಲ, ದೊಡ್ಡ ಮನುಷ್ಯರ ಹಾಗೆ."

ಅವಳ ಬೆಂಡು ಮುಳುಗಲಿಲ್ಲ. ಅಡ್ಡಕ್ಕೆ ಮಲಗಿತು.

"ಇದೇನು, ಕೆಟ್ಟೋಯ್ತಾ?"

"ಮೀನು ಕಚ್ಕೊಂಡು ಮೇಲೆ ಬಂದಿದೆ. ಎತ್ತು! ಎಳೀಬೇಡ, ಎತ್ತು ಅಂದೆ!"

ಬಸ್ಸಿನ ಗೇರು ಎಳೆದ ಕೈ. ಕೋಲು ಜಗ್ಗಿದಳು. ಗಾಳ ಬರಿದಾಗಿ ನಮ್ಮ ತಲೆ ಮೇಲಿಂದ ಹಾರಿತು. ಅದರ ತುದಿಯಲ್ಲಿ ಈರುಳ್ಳಿ ಸಿಪ್ಪೆಯಂಥ ತುಟಿಯ ಚೂರು.

"ಕಾಗದದ ಬಾಯಿ ಅದಕ್ಕೆ," ಎಂದೆ. "ಸಿಟ್ಟು ಮಾಡಿದ್ರೆ ಹರಿಯುತ್ತೆ. ಮಲಗಿರೋ ಮಗು ಕೈಯಿಂದ ಗಿಲಕಿ ತಗೊಳ್ತೀಯಲ್ಲ, ಹಾಗೆ ಎತ್ತಬೇಕು."

"ನನ್ನ ಬಸ್ಸಿನ ಮಕ್ಕಳು ಮಲಗ್ತಾನೇ ಇರ್ಲಿಲ್ಲ ಮಿಸ್ ಜೆಲ್ಮಾ."

ಮೂರು ಹರಿಸಿದ ಮೇಲೆ ನಾಲ್ಕನೆಯದನ್ನು ಎತ್ತಿದಳು. ಕೆಳಗೆ ಬಲೆ ಹಿಡಿದೆ. ಬೆಳ್ಳಿಯ ಮೈಮೇಲೆ ಮಸಿ ಚಿಮುಕಿಸಿದಂಥ ಮೀನು ನೋಡಿ ಅವಳು ಹುಡುಗಿಯಂತೆ ಕೂಗಿದಳು. ಒಂಬತ್ತು ಮೀನು ಆದ ಮೇಲೆ ಮರಿ ಮುಗಿದವು. ಅವಳು ಪೆಟ್ಟಿಗೆಯ ತಳದಿಂದ ಕಿತ್ತಳೆ ಬಣ್ಣದ ಒಂದು ತೇಲುಗುಂಡನ್ನು ತೆಗೆದಳು. ದಾರ, ಭಾರ ಎಲ್ಲ ಕಟ್ಟಿಯೇ ಬಂದದ್ದು.

"ಇದನ್ನ ಇಲ್ಲಿ ಬಿಟ್ಟು ಹೋಗೋಣ. ಮರಿ ತಗೊಂಡು ವಾಪಸ್ ಬಂದಾಗ..."

ಅವಳ ಮಣಿಕಟ್ಟು ಹಿಡಿದುಕೊಂಡೆ. ಎಷ್ಟು ಗಟ್ಟಿಯಾಗಿ ಹಿಡಿದೆನೋ, ಅವಳು ನೋವಿನಿಂದ ನನ್ನ ಮುಖ ನೋಡಿದಳು.

"ಬೇಡ," ಎಂದೆ. "ಯಾವತ್ತೂ ಬೇಡ."

ಯಾಕೆ ಎಂದಳು. ಹೇಳಿದೆ. ಮಂಜು, ಡಬ್ಬ, ಕೆಂಪು ಬಣ್ಣ, ನಲವತ್ತು ದೋಣಿ, ಇಲಿನಾಯ್. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು, ಅದೂ ಎರಡು ದಿನದ ಪರಿಚಯದವಳಿಗೆ. ಅವಳು ತೇಲುಗುಂಡನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದಳು.

"ನಿನ್ನೆ ಕುರ್ಚಿಲಿ ಕೂತಿದ್ದೋರು ಅವನ ಅಕ್ಕಾನಾ?"

"ಹೌದು."

"ದಿನಾ ಬರ್ತಾರಾ?"

"ದಿನಾ."

"ಊರಲ್ಲೆಲ್ಲ ನಿಮ್ಮ ತಾಳ್ಮೆ ಹೊಗಳ್ತಾರೆ ಮಿಸ್ ಜೆಲ್ಮಾ," ಎಂದು ಲಂಗರು ಎಳೆಯತೊಡಗಿದಳು. "ನನ್ನ ಬಸ್ಸಲ್ಲಿ ಒಬ್ಬ ತಪ್ಪು ಮಾಡಿ ಇನ್ನೊಬ್ಬ ಇಳಿದು ನಡ್ಕೊಂಡು ಹೋದ್ರೆ, ಆ ಮೊದಲನೇಯವನು ಸುಮ್ನೆ ಕೂತಿರೋದಕ್ಕೆ ನಾನು ಬೇರೆ ಹೆಸರು ಹೇಳ್ತಿದ್ದೆ."

ಅಂಗಡಿಗೆ ಬಂದಾಗ ಇಮೋಜೀನ್ ಕುರ್ಚಿಯಲ್ಲಿದ್ದಳು. ಬರ್ನಡೀನ್ ಮೀನು ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋದಳು. ನಾನು ಒಳಹೋಗಿ ಡ್ರಾಯರಿನ ಕಾಗದ ತಂದೆ. ನಾಲ್ಕು ಹಾಳೆ. ಓದಿಕೊಂಡೆ. ಮೂರು ಹಾಳೆ ಬರೀ ಮಂಜು ಮತ್ತು ಗಾಳಿ. ನಾನು ಚಿಕ್ಕವಳಿದ್ದೆ, ಹೊಸಬಳಿದ್ದೆ, ಹೆದರಿದ್ದೆ. ಹಾರ್ಲನ್‌ನ ಹೆಸರು ಬರುವ ಹೊತ್ತಿಗೆ ಜಾಗವೇ ಮುಗಿದಿತ್ತು. ಅದನ್ನು ಕಳಿಸುವಂತಿರಲಿಲ್ಲ. ಹೊಸದು ಬರೆಯಬಹುದು, ಆದರೆ ವಿಳಾಸ ಇಮೋಜೀನಳ ಹತ್ತಿರ ಮಾತ್ರ ಇತ್ತು.

"ಇಮೋಜೀನ್, ಹಾರ್ಲನ್ ಇರೋ ಮನೆ ವಿಳಾಸ ಬೇಕು."

"ಯಾಕೆ? ಕೇಕ್ ಕಳಿಸ್ತೀಯಾ? ಅವನಿಗೆ ಸಕ್ಕರೆ ಕೊಡಬಾರ್ದು ಅಂದಿದಾರೆ."

"ಅವನು ಹೇಳ್ತಿರೋದು ನಿಜ. ಡಬ್ಬ ಬಿಟ್ಟೋನು ಅವನಲ್ಲ. ನಾನು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ನಾನು ನಿಂತೇ ಎಲ್ಲ ಹೇಳಿದೆ. ಈ ಸಲ ಮಂಜನ್ನೂ ಗಾಳಿಯನ್ನೂ ಬಿಟ್ಟೆ. ಅವನ ರಾಶಿಯಿಂದ ತೆಗೆದುಕೊಂಡೆ, ನಾನೇ ಬಿಟ್ಟೆ, ನಿಮ್ಮಪ್ಪ ಅವನ ಮುಂದೆ ಇಟ್ಟಾಗ ಅಲ್ಲೇ ನಿಂತಿದ್ದೆ. ತೊಟ್ಟಿಗೆ ಗಾಳಿ ಊದುವ ಯಂತ್ರ ಗುಳುಗುಳು ಎನ್ನುತ್ತಿತ್ತು.

"ಅಪ್ಪನ ಮಣ್ಣಿಗೆ ನೀನು ಬಂದಿದ್ದೆ," ಎಂದಳು.

"ಬಂದಿದ್ದೆ."

"ನನ್ನ ಪಕ್ಕ ನಿಂತಿದ್ದೆ. ಹಾರ್ಲನ್ ಬರ್ಲಿಲ್ಲ ನೋಡು ಅಂತ ಅತ್ತೆ ನಾನು. ನೀನು ನನ್ನ ಬೆನ್ನು ಸವರಿದೆ."

"ಸವರಿದೆ," ಎಂದೆ.

"ಐವತ್ತೈದು ವರ್ಷ ನಾನು ಅವನಿಗೆ ಬುದ್ಧಿ ಹೇಳ್ದೆ ಕಣೆ. ಪ್ರತಿ ಕ್ರಿಸ್‌ಮಸ್‌ಗೆ ಫೋನ್ ಮಾಡಿ, ಈಗ್ಲಾದ್ರೂ ಒಪ್ಕೊಳೋ ಅಂದೆ. ಹೋದ ವರ್ಷವೂ ಅಂದೆ." ಅವಳು ಕಾಫಿ ಲೋಟವನ್ನು ನೆಲದ ಮೇಲೆ ಇಟ್ಟು, ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ಹೊಡೆಯುತ್ತಾಳೆಂದುಕೊಂಡೆ. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಚೀಲದಿಂದ ವಿಳಾಸಗಳ ಸಣ್ಣ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟಳು.

"ಫೋನ್ ಮಾಡಿಬಿಡ್ಲಾ?" ಎಂದೆ. "ಇವತ್ತೇ ತಿಳಿಯುತ್ತೆ."

"ಬೇಡ. ಫೋನಲ್ಲಿ ಹೇಳಿದ್ರೆ ಸಂಜೆಗೆ ಮರೀತಾನೆ, ನಾಳೆ ಮತ್ತೆ ನಾನಲ್ಲ ನಾನಲ್ಲ ಅಂತಾನೆ. ಕಾಗದ ಆದ್ರೆ ಮಂಚದ ಎದುರಿಗೆ ಗೋಡೆಗೆ ಅಂಟಿಸು ಅಂತೀನಿ ಆ ಹುಡುಗಿಗೆ. ದಿನಾ ಎದ್ದು ದಿನಾ ಓದ್ಲಿ. ದಪ್ಪಕ್ಕೆ ಬರಿ, ಅವನಿಗೆ ಕಣ್ಣು ಮಂಜು. ಮತ್ತೆ ನೋಡು, ನಿನ್ನ ಪುರಾಣ ಮೊದಲು ಬೇಡ. 'ನೀನಲ್ಲ' ಅನ್ನೋದು ಮೊದಲು ಬರ್ಲಿ."

ಹಾಳೆ ತೆಗೆದುಕೊಂಡೆ. ಬೆಲೆಪಟ್ಟಿ ಬರೆಯುವ ದಪ್ಪ ಕರಿ ಪೆನ್ನಿನಲ್ಲಿ ಬರೆದೆ.

"ಹಾರ್ಲನ್, ಡಬ್ಬ ಬಿಟ್ಟವನು ನೀನಲ್ಲ. ನಿನ್ನ ರಾಶಿಯಿಂದ ತೆಗೆದುಕೊಂಡು ಬಿಟ್ಟವಳು ನಾನು. ನೀನು ನಿಜ ಹೇಳಿದೆ. ನಾನು ಸುಮ್ಮನೆ ನಿಂತೆ. ನಿನ್ನ ಅಪ್ಪನಿಗೆ ಹೇಳಲಿಲ್ಲ, ಅದನ್ನು ಸರಿಮಾಡಲು ಈಗ ನನ್ನಿಂದ ಆಗುವುದಿಲ್ಲ. ಇಮೋಜೀನಳಿಗೆ ಹೇಳಿದ್ದೇನೆ. ಊರಿಗೂ ಹೇಳುತ್ತೇನೆ. ಜೆಲ್ಮಾ."

ಇಮೋಜೀನ್ ಕನ್ನಡಕ ಏರಿಸಿ ಓದಿದಳು. ಎರಡನೆಯ ಸಲ ತುಟಿ ಅಲುಗಿಸುತ್ತ ಓದಿದಳು.

"ನಿನ್ನದೂ ಒಂದು ಮಾತು ಸೇರಿಸಲಾ?" ಎಂದೆ.

"ನನ್ನ ಮಾತು ನಾನು ಆಡ್ಕೋತೀನಿ. ನನ್ನ ಸಿಟ್ಟು ಇನ್ನೂ ಶುರುನೇ ಆಗಿಲ್ಲ ಜೆಲ್ಮಾ. ನಾಳೆ ಬರ್ತೀನೋ ಇಲ್ವೋ ಗೊತ್ತಿಲ್ಲ." ಕಾಗದ ಮಡಿಸಿ ನನ್ನ ಕೈಗೆ ಕೊಟ್ಟಳು. "ಕೋಣೆ ನಂಬರ್ ಹದಿನೇಳು. ಅದನ್ನ ಬರೀದೆ ಬಿಟ್ರೆ ಅವರು ಎಲ್ಲೋ ಇಟ್ಬಿಡ್ತಾರೆ."

ಲಕೋಟೆಯ ಮೇಲೆ ಹದಿನೇಳು ಎಂದು ಬರೆದು ಅಡಿಗೆರೆ ಎಳೆದೆ. ಅಂಚೆಚೀಟಿ ಒತ್ತಿದೆ. ರಸ್ತೆಯಂಚಿನ ನನ್ನ ಅಂಚೆಪೆಟ್ಟಿಗೆಗೆ ಹಾಕಿ, ಒಯ್ಯುವ ಕಾಗದವಿದೆ ಎಂದು ತಿಳಿಸುವ ಅದರ ಕೆಂಪು ಬಾವುಟ ಎತ್ತಿ ನಿಲ್ಲಿಸಿದೆ, ಒಳಗೆ ಹೋಗಬೇಕೆನಿಸಲಿಲ್ಲ. ಬಿಸಿಲಿನಲ್ಲೇ ಪೆಟ್ಟಿಗೆಯ ಪಕ್ಕ ನಿಂತೆ. ಇಮೋಜೀನ್ ಬಾಗಿಲಿನವರೆಗೆ ಬಂದು, ಚೌಕಟ್ಟಿಗೆ ಒರಗಿ, ನನ್ನನ್ನಲ್ಲ, ರಸ್ತೆಯನ್ನು ನೋಡುತ್ತಿದ್ದಳು.

ಹನ್ನೊಂದೂವರೆಗೆ ಅಂಚೆಯ ಜೀಪು ಬಂತು. ಅಂಚೆಯವಳು ಕಿಟಕಿಯಿಂದ ಕೈ ಚಾಚಿ ಪೆಟ್ಟಿಗೆ ತೆರೆದಳು.

"ಏನಜ್ಜಿ, ಕಾವಲು ನಿಂತಿದೀರ? ಅಷ್ಟು ಮುಖ್ಯವಾದ್ದಾ?"

"ಹೌದಮ್ಮ. ಯಾವಾಗ ಸೇರುತ್ತೆ?"

"ಇಲಿನಾಯ್ ತಾನೆ? ಸೋಮವಾರ, ತಪ್ಪಿದ್ರೆ ಮಂಗಳವಾರ."

ಅವಳು ಬಾವುಟ ಇಳಿಸಿ, ಕಾಗದವನ್ನು ಪಕ್ಕದ ತಟ್ಟೆಯಲ್ಲಿದ್ದ ಉಳಿದ ಕಾಗದಗಳ ಜೊತೆ ಸೇರಿಸಿ, ಮುಂದಿನ ಮನೆಯ ಪೆಟ್ಟಿಗೆಯ ಕಡೆಗೆ ಜೀಪು ಬಿಟ್ಟಳು.